ಓದಬಲ್ಲ ಕತ್ತೆಯ ಮೌನ

ಜಾರ್ಜ್ ಆರ್ವೆಲ್ಲರ 'ಅನಿಮಲ್ ಫಾರ್ಮ್' 1945ರ ಆಗಸ್ಟ್‌ನಲ್ಲಿ ಹೊರಬಂತು. ಅದಕ್ಕೂ ಮುನ್ನ ಹಲವು ಪ್ರಕಾಶಕರು ಅದನ್ನು ನಿರಾಕರಿಸಿದ್ದರು. ಸ್ಟಾಲಿನ್‌ನ ರಷ್ಯಾ ಆಗ ಬ್ರಿಟನ್ನಿನ ಯುದ್ಧಮಿತ್ರ. ಫೇಬರ್ ಸಂಸ್ಥೆಯ ಪರವಾಗಿ ಕವಿ ಟಿ.ಎಸ್. ಎಲಿಯಟ್ ಕೂಡ ಹಸ್ತಪ್ರತಿಯನ್ನು ಹಿಂದಿರುಗಿಸಿದರು.

ಹಂದಿಗಳ ಸರ್ವಾಧಿಕಾರದ ಕಥೆಯೆಂದೇ ಇದು ಪ್ರಸಿದ್ಧ. ನಮ್ಮನ್ನು ತಡೆದು ನಿಲ್ಲಿಸುವುದು ಆರಂಭದ ಒಂದು ಸಣ್ಣ ಸಂಗತಿ. ಬಂಡಾಯ ಗೆದ್ದ ಬೆನ್ನಲ್ಲೇ ಹಾಲು ಮಾಯವಾಗುತ್ತದೆ, ಆಮೇಲೆ ಸೇಬು. ಮಿದುಳಿನ ಕೆಲಸಕ್ಕೆ ಅವು ಬೇಕೇಬೇಕೆಂದು ಹಂದಿಗಳ ವಕ್ತಾರ ಸ್ಕ್ವೀಲರ್ ವಿವರಿಸುತ್ತಾನೆ. ಎಲ್ಲರೂ ಒಪ್ಪುತ್ತಾರೆ. ಗೋಡೆಯ ಮೇಲಿನ ನಿಯಮಗಳನ್ನು ತಿದ್ದುವ ಧೈರ್ಯ ಹಂದಿಗಳಿಗೆ ಬಂದದ್ದು ಅಲ್ಲಿಂದಲೇ.

ಸತ್ತ ಮೇಲೆ ಸಕ್ಕರೆ ಬೆಟ್ಟ ಸಿಗುತ್ತದೆಂದು ಸಾರುವ ಕಾಗೆಗೆ ಮೋಸೆಸ್ ಎಂಬ ಹೆಸರು. ಪ್ರವಾದಿಯೊಬ್ಬರ ಹೆಸರನ್ನು ಕಾಗೆಗಿಟ್ಟದ್ದು ನಮಗೆ ಕಸಿವಿಸಿಯೇ. ಆದರೆ ಅದನ್ನು ಮೊದಲು ಸುಳ್ಳುಗಾರನೆಂದ ಹಂದಿಗಳೇ ಮುಂದೆ ದುಡಿಮೆಯಿಲ್ಲದೆ ದಿನವೂ ಬಿಯರ್ ಕೊಟ್ಟು ಸಾಕುತ್ತವೆ. ಉರ್ದುವಿನಲ್ಲಿ ದರ್ಬಾರಿ ಮುಲ್ಲಾ ಎನ್ನುತ್ತಾರಲ್ಲ, ಅವನೇ ಈ ಕಾಗೆ. ಹಾಗಿರುವಾಗ ಧರ್ಮನಿಂದೆಯೆಂದು ಸಿಡುಕುವುದು ನಮಗೆ ಸರಿಕಾಣದು.

ದುಡಿಯುವ ಪ್ರಾಣಿಗಳನ್ನು ಆರ್ವೆಲ್ ತೀರಾ ಮರೆಗುಳಿಗಳನ್ನಾಗಿ ಮಾಡಿದ್ದಾರೆ ಎಂಬ ತಕರಾರು ನಮಗಿದೆ. ಬಡವ ಮೋಸ ಹೋಗುವುದು ಬರೀ ದಡ್ಡತನದಿಂದಲೇ?

ಕತ್ತೆ ಬೆಂಜಮಿನ್ ದಡ್ಡನಲ್ಲ. ಹಂದಿಗಳಷ್ಟೇ ಚೆನ್ನಾಗಿ ಓದಬಲ್ಲ, ಆದರೆ ಓದುವಂಥದ್ದೇನೂ ಇಲ್ಲವೆಂದು ಸುಮ್ಮನಿರುತ್ತಾನೆ. ಬರೆದು ಬದುಕುವ ನಮ್ಮಂಥವರಿಗೆ ಈ ಪಾತ್ರ ಚುಚ್ಚುತ್ತದೆ. ಗೆಳೆಯ ಬಾಕ್ಸರ್ ಕುದುರೆಯನ್ನು ಕಟುಕನ ಗಾಡಿಗೆ ತುಂಬಿದ ಮೇಲಷ್ಟೇ ಅವನು ಗಾಡಿಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುತ್ತಾನೆ. ಬಾಕ್ಸರ್ ಒಳಗಿನಿಂದ ಒದೆಯುತ್ತಾನೆ. ಬಾಗಿಲು ಮುರಿಯುವಷ್ಟು ಬಲ ಆ ಕಾಲುಗಳಲ್ಲಿ ಉಳಿದಿಲ್ಲ.