ದಂಟು ಹೊಡೆದ ಈರುಳ್ಳಿ

ಈರುಳ್ಳಿಯ ಒಳಪೊರೆ ಬೇಡ, ಹೊರಪೊರೆಯನ್ನೇ ತೆಗೆಯಿರಿ. ಮಕ್ಕಳ ಕೈಯಲ್ಲಿ ಮೊದಲ ಸ್ಲೈಡ್ ಮಾಡಿಸಲು ಹೊರಟ ಮೇಷ್ಟ್ರುಗಳಿಗೂ ಮೇಡಂಗಳಿಗೂ ನಾನು ಮೊದಲು ಹೇಳುವ ಮಾತು ಇದು. ಪುಸ್ತಕಗಳಲ್ಲಿ ಇರುವುದು ಒಳಪೊರೆ. ಎಸಳಿನ ತಗ್ಗಿನ ಬದಿಯಿಂದ ಅದು ಸಲೀಸಾಗಿ ಕಿತ್ತುಬರುತ್ತದೆ, ತೆಳ್ಳಗಿರುತ್ತದೆ, ಮಡಚಿಕೊಳ್ಳುವುದು ಕಡಿಮೆ. ಆದರೆ ಅದಕ್ಕೆ ಬಣ್ಣವಿಲ್ಲ. ಒಂದು ತೊಟ್ಟು ಅಯೋಡಿನ್ ಹಾಕಿದ ಮೇಲೆಯೇ ಕೋಶಕೇಂದ್ರ ಕಾಣುವುದು. ನಮ್ಮ ಅಜ್ಜಂಪುರದ ಸುತ್ತ ಬೆಳೆಯುವುದು ಕೆಂಪು ಈರುಳ್ಳಿ. ಆ ಕೆಂಪು ಇರುವುದು ಎಸಳಿನ ಉಬ್ಬಿದ ಬದಿಯ ಪೊರೆಯಲ್ಲಿ, ಪ್ರತಿ ಜೀವಕೋಶದ ರಸದಾನಿಯ ಒಳಗೆ. ಬ್ಲೇಡಿನಿಂದ ಅಲ್ಲಿ ಚಿಕ್ಕ ಚೌಕ ಗೀರಿ, ಚಿಮುಟದಲ್ಲಿ ಹಿಡಿದು ನಿಧಾನ ಎಳೆದರೆ ನೇರಳೆ ಬಣ್ಣದ ಪೊರೆ ಸಿಗುತ್ತದೆ. ಯಾವ ಬಣ್ಣವನ್ನೂ ಹಾಕಬೇಕಿಲ್ಲ. ಒಂದು ಹನಿ ನೀರು, ಮೇಲೊಂದು ಕವರ್ ಸ್ಲಿಪ್, ಅಷ್ಟೆ.

ಈಗ ಅಡುಗೆ ಉಪ್ಪು ಕರಗಿಸಿದ ನೀರನ್ನು ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಬಿಡಿ, ಎದುರಂಚಿಗೆ ಕಾಗದದ ಚೂರು ಮುಟ್ಟಿಸಿ. ಕಾಗದ ನೀರನ್ನು ಹೀರಿಕೊಂಡಂತೆ ಉಪ್ಪುನೀರು ಒಳಗೆ ಹರಿಯುತ್ತದೆ. ಕೆಲವೇ ನಿಮಿಷದಲ್ಲಿ ಕೋಶಗಳ ಒಳಗಿನ ನೇರಳೆ ಮುದ್ದೆ ಗೋಡೆ ಬಿಟ್ಟು ಒಳಕ್ಕೆ ಸರಿಯತೊಡಗುತ್ತದೆ. ಗೋಡೆ ಇದ್ದಲ್ಲೇ ಇರುತ್ತದೆ. ಮತ್ತೆ ಬರಿಯ ನೀರು ಬಿಟ್ಟರೆ ಮುದ್ದೆ ಹಿಗ್ಗಿ ಗೋಡೆ ಸೇರುತ್ತದೆ. ಕೋಶಭಿತ್ತಿ ಬೇರೆ, ಕೋಶಪೊರೆ ಬೇರೆ ಎಂಬುದನ್ನು ಬೋರ್ಡಿನ ಮೇಲೆ ಹತ್ತು ಸಲ ಬರೆದರೂ ಹತ್ತದ ಮಗುವಿಗೆ ಇದನ್ನು ಒಮ್ಮೆ ನೋಡಿದರೆ ಸಾಕು. ರಾಬರ್ಟ್ ಹುಕ್ 1665ರಲ್ಲಿ ಬೆಂಡಿನ ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಖಾಲಿ ಗೋಡೆಗಳನ್ನು. ನಮ್ಮ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಕಾಣುವುದು ಬದುಕಿರುವ ಕೋಶ.

ಉಪಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಾಲೆಗಳಲ್ಲಿರುವ ಸೂಕ್ಷ್ಮದರ್ಶಕಗಳಲ್ಲಿ ಬಹಳಷ್ಟು ಹರಿಯಾಣದ ಅಂಬಾಲದಲ್ಲಿ ತಯಾರಾದವು, ಕೆಳಗೆ ಕನ್ನಡಿ ಇರುವಂಥವು. ಬಿಸಿಲನ್ನು ನೇರ ಆ ಕನ್ನಡಿಗೆ ಹಿಡಿಯಬಾರದು, ಕಣ್ಣು ಹೋದೀತು. ನೆರಳಿನ ಜಗುಲಿಯಲ್ಲಿ ಕೂತು ಬೆಳ್ಳನೆಯ ಆಕಾಶದ ಕಡೆ ತಿರುಗಿಸಿದರೆ ಸಾಕು. ದೊಡ್ಡದಾಗಿ ಕಾಣುವ ಮಸೂರದಿಂದ ಶುರು ಮಾಡಬೇಡಿ. ಹತ್ತರ ಮಸೂರ ಹಾಕಿ, ಪಕ್ಕದಿಂದ ನೋಡುತ್ತ ಅದನ್ನು ಸ್ಲೈಡಿನ ಸಮೀಪಕ್ಕೆ ಇಳಿಸಿ, ಆಮೇಲೆ ಕಣ್ಣಿಟ್ಟು ಮೇಲಕ್ಕೆತ್ತುತ್ತ ಸ್ಪಷ್ಟ ಮಾಡಿಕೊಳ್ಳಿ. ಕಣ್ಣಿಟ್ಟುಕೊಂಡೇ ಕೆಳಗಿಳಿಸಿದರೆ ಸ್ಲೈಡೂ ಒಡೆಯುತ್ತದೆ, ಮಸೂರವೂ ಗೀರಾಗುತ್ತದೆ. ಕಪ್ಪು ಅಂಚಿನ ದುಂಡನೆಯ ಚಂದದ ಉಂಗುರ ಕಂಡರೆ ಅದು ಗಾಳಿಗುಳ್ಳೆ. ಮಕ್ಕಳು ಮೊದಲು ಬರೆಯುವ ಚಿತ್ರ ಬಹುಮಟ್ಟಿಗೆ ಅದರದ್ದೇ. ಬೈಯದೆ ಸ್ಲೈಡನ್ನು ಸ್ವಲ್ಪ ಸರಿಸಿ ತೋರಿಸಿ.

ಒಂದು ಕೆಲಸವನ್ನು ಮಾತ್ರ ತಪ್ಪದೆ ಮಾಡಿಸಬೇಕು. ಪಾರದರ್ಶಕ ಅಡಿಪಟ್ಟಿಯನ್ನು ಮಸೂರದ ಕೆಳಗಿಟ್ಟು, ಕಾಣುವ ವೃತ್ತದ ಅಗಲ ಎಷ್ಟು ಮಿಲಿಮೀಟರ್ ಎಂದು ಅಳೆಯಿಸಿ. ನೂರು ಪಟ್ಟು ಹಿಗ್ಗಿಸಿದಾಗ ಅದು ಸುಮಾರು ಒಂದೂವರೆ ಮಿಲಿಮೀಟರ್ ಇದ್ದು, ಉದ್ದುದ್ದಕ್ಕೆ ಆರು ಕೋಶ ಹಿಡಿದರೆ, ಒಂದು ಕೋಶದ ಉದ್ದ ಕಾಲು ಮಿಲಿಮೀಟರ್. ಹನ್ನೆರಡು ವರ್ಷದ ಮಗು ಇಷ್ಟನ್ನು ತಾನೇ ಲೆಕ್ಕ ಹಾಕಿ ಹೇಳಿದ ಮೇಲೆ, ಪುಸ್ತಕದಲ್ಲಿ ಬರುವ ಎಲ್ಲ ಅಳತೆಗಳಿಗೂ ಅದರ ಮನಸ್ಸಿನಲ್ಲಿ ಒಂದು ನೆಲೆ ಸಿಗುತ್ತದೆ.

ಈ ವಾರ ನಾನು ಹೇಳಹೊರಟದ್ದು ಇನ್ನೊಂದಿದೆ. ಜೀವಕೋಶ ಒಂದು ಪಾಠ, ಸಂತಾನೋತ್ಪತ್ತಿ ಇನ್ನೊಂದು ಪಾಠ ಎಂದು ನಮ್ಮ ತರಗತಿಗಳಲ್ಲಿ ಬೇರೆ ಮಾಡಿ ಇಟ್ಟಿದ್ದೇವೆ. ಮೊದಲನೆಯದು ಚಿತ್ರ ಬಿಡಿಸಿ ಭಾಗ ಗುರುತಿಸುವುದರಲ್ಲಿ ಮುಗಿದುಹೋಗುತ್ತದೆ. ಎರಡನೆಯದು ಬಂದಾಗ ಎಷ್ಟೋ ಕಡೆ ಮೇಷ್ಟ್ರು ತಲೆ ತಗ್ಗಿಸಿ, ಮನೆಯಲ್ಲಿ ಓದಿಕೊಳ್ಳಿ ಎಂದು ಪುಟ ತಿರುವುತ್ತಾರೆ. ಇವೆರಡು ಒಂದೇ ಪಾಠ. ಕೋಶವನ್ನು ಕಣ್ಣಾರೆ ಕಂಡ ಮಗುವಿನ ಮುಂದಿನ ಪ್ರಶ್ನೆಯೇ ಇದು ಎಲ್ಲಿಂದ ಬಂತು ಎಂಬುದು. ಆ ಪ್ರಶ್ನೆಯ ಹಿಂದೆಯೇ ಹೋದರೆ ನಾಚಿಕೆಗೆ ಜಾಗವೇ ಇರುವುದಿಲ್ಲ. ಹಾಗೆ ಹೋಗಲು ಬೇಕಾದ ಎಲ್ಲವೂ ಅಜ್ಜಂಪುರದಲ್ಲಿ ಹೊಲದ ಬದುವಿನ ಮೇಲೆ, ಕಾವಲಿನ ಹುಲ್ಲಿನ ಮೇಲೆ ಬಿದ್ದಿದೆ.

ಮೊದಲು ಬೇರು. ಗಾಜಿನ ಲೋಟದ ಬಾಯಿಗೆ ಒಂದು ಗಡ್ಡೆ ಕೂರಿಸಿ, ಬುಡ ಮಾತ್ರ ನೀರು ಮುಟ್ಟುವಂತೆ ಇಟ್ಟರೆ ಎರಡು ಮೂರು ದಿನದಲ್ಲಿ ಬಿಳಿ ಬೇರು ಇಳಿಯುತ್ತದೆ. ಅದರ ತುದಿಯ ಒಂದೆರಡು ಮಿಲಿಮೀಟರಿನಲ್ಲಿ ಕೋಶಗಳು ಎಡೆಬಿಡದೆ ಒಡೆದು ಎರಡಾಗುತ್ತಿರುತ್ತವೆ. ತುದಿಯನ್ನು ಆಮ್ಲದಲ್ಲಿ ಮೆತ್ತಗೆ ಮಾಡಿ, ಅಸಿಟೋಕಾರ್ಮೈನ್ ಬಣ್ಣ ಕುಡಿಸಿ, ಕವರ್ ಸ್ಲಿಪ್ಪಿನ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ವರ್ಣತಂತುಗಳು ಕಾಣುತ್ತವೆ. ಆಮ್ಲದ ಕೆಲಸ ದೊಡ್ಡವರದ್ದು, ಮಕ್ಕಳಿಗೆ ಒತ್ತುವ ಕೆಲಸ ಮತ್ತು ನೋಡುವ ಕೆಲಸ ಸಾಕು. ಈರುಳ್ಳಿಯ ಕೋಶದಲ್ಲಿ ವರ್ಣತಂತುಗಳು ಹದಿನಾರು. ಮನುಷ್ಯನಿಗಿಂತ ಸುಮಾರು ಐದು ಪಟ್ಟು ಡಿಎನ್‌ಎ ಅಷ್ಟರಲ್ಲಿ ಅಡಗಿದೆ. ಅದಕ್ಕೇ ಅವು ದಪ್ಪ, ಶಾಲೆಯ ಸಾಧಾರಣ ಸೂಕ್ಷ್ಮದರ್ಶಕದಲ್ಲೂ ಕಣ್ಣಿಗೆ ಬೀಳುತ್ತವೆ. ಎರಡು ಗುಂಪಾಗಿ ಎದುರು ಬದುರು ಸರಿಯುತ್ತಿರುವ ಹಂತದ ಒಂದು ಕೋಶ ಸಿಕ್ಕರೆ ಇಡೀ ತರಗತಿಯನ್ನು ಸಾಲಾಗಿ ನಿಲ್ಲಿಸಿ ತೋರಿಸಿ, ಆ ಪೀರಿಯಡ್ ಮುಗಿದುಹೋದರೂ ಚಿಂತೆಯಿಲ್ಲ.

ಇನ್ನು ದಂಟು ಹೊಡೆದ ಈರುಳ್ಳಿ. ಗಡ್ಡೆ ದಪ್ಪವಾಗಬೇಕಾದ ಹೊತ್ತಿನಲ್ಲಿ ಕೆಲವು ಗಿಡ ಹೂವಿನ ದಂಟು ಎತ್ತಿಬಿಡುತ್ತವೆ. ಬೆಳೆಗಾರನಿಗೆ ಅದು ನಷ್ಟ. ಅಂಥ ಗಡ್ಡೆಯ ನಡುವೆ ಗಟ್ಟಿ ಕಡ್ಡಿ ಇರುತ್ತದೆ, ಬೇಗ ಕೊಳೆಯುತ್ತದೆ, ಮಂಡಿಯಲ್ಲಿ ಬೆಲೆ ಸಿಗುವುದಿಲ್ಲ. ನನಗಾದರೋ ಇಡೀ ಹೊಲದಲ್ಲಿ ಬೇಕಾದ ಗಿಡ ಅದೇ. ಪೊರೆ ಇನ್ನೂ ಪೂರ್ತಿ ಬಿರಿಯದ ಹೂಗೊಂಚಲಿನಿಂದ ಎಳೆಯ ಮೊಗ್ಗು ತೆಗೆದು, ಸೂಜಿಯಲ್ಲಿ ಬಿಡಿಸಿದರೆ ಒಳಗೆ ಆರು ಕೇಸರ. ಪರಾಗಕೋಶ ಹಳದಿಗೆ ತಿರುಗಿದ್ದರೆ ತಡವಾಯಿತು, ಪರಾಗ ಆಗಲೇ ಸಿದ್ಧವಾಗಿದೆ ಎಂದು ಅರ್ಥ. ಇನ್ನೂ ನೀರು ನೀರಾಗಿ ಕಾಣುತ್ತಿದ್ದರೆ ಅದನ್ನು ಬಣ್ಣದಲ್ಲಿ ಜಜ್ಜಿ ನೋಡಿ. ಬೇರಿನಲ್ಲಿ ಕಂಡ ಹದಿನಾರು ಇಲ್ಲಿ ಎಂಟು ಜೋಡಿಗಳಾಗಿ ಕೂಡಿಕೊಂಡು, ಬೇರಾಗಿ, ಎರಡು ಸಲ ಒಡೆದು, ಕೊನೆಗೆ ಒಂದು ಕೋಶದಿಂದ ನಾಲ್ಕು ಕೋಶ ಆಗಿರುತ್ತವೆ. ಒಂದೊಂದರಲ್ಲಿ ಎಂಟೇ ವರ್ಣತಂತು. ಮಿಯಾಸಿಸ್ ಎಂದು ಹೆಸರು ಹೇಳಿ ಹೆದರಿಸುವ ಅಗತ್ಯವಿಲ್ಲ. ಬೇರಿನಲ್ಲಿ ಹದಿನಾರು, ಮೊಗ್ಗಿನಲ್ಲಿ ಎಂಟು ಎಂದಷ್ಟೇ ಬರೆಸಿ. ಯಾಕೆ ಅರ್ಧ ಆಯಿತು ಎಂದು ಒಂದು ಮಗುವಾದರೂ ಕೇಳುತ್ತದೆ. ಇನ್ನರ್ಧ ಇನ್ನೊಂದು ಕಡೆಯಿಂದ ಬರಬೇಕು ಎಂಬ ಉತ್ತರ ಹಿಂದಿನ ಬೆಂಚಿನಿಂದಲೇ ಬರಬಹುದು.

ಆ ಇನ್ನೊಂದು ಕಡೆ ಈರುಳ್ಳಿಯಲ್ಲಿ ಹೆಚ್ಚಾಗಿ ಬೇರೆ ಹೂವೇ ಆಗಿರುತ್ತದೆ. ಒಂದೇ ಹೂವಿನಲ್ಲಿ ಕೇಸರ ಮೊದಲು ಮಾಗುತ್ತದೆ, ಶಲಾಕಾಗ್ರ ಆಮೇಲೆ. ನಡುವೆ ಜೇನುನೊಣ ಬೇಕು. ಬೀಜಕ್ಕೆಂದು ಈರುಳ್ಳಿ ಬೆಳೆಸುವವರಿಗೆ ಇದು ಗೊತ್ತು. 1925ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೆನ್ರಿ ಜೋನ್ಸ್ ಅವರ ಕಣ್ಣಿಗೆ ಬಿದ್ದ ಒಂದು ಗಿಡದಲ್ಲಿ ಪರಾಗ ಸತ್ತ್ವಹೀನವಾಗಿತ್ತು, ಬೀಜವೇ ಕಟ್ಟಿರಲಿಲ್ಲ. ಅಂಥ ಗಂಡು ಬಂಜೆತನವನ್ನು ಬಳಸಿಕೊಂಡು ಮಿಶ್ರತಳಿ ಈರುಳ್ಳಿ ಬೀಜ ತಯಾರಿಸುವ ದಾರಿ ತೆರೆದದ್ದು ಆ ಗಿಡದಿಂದ. ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೀರ್ತಿಮಾನ್, ಅರ್ಕಾ ಲಾಲಿಮಾ ತಳಿಗಳೂ ಇದೇ ವಿಧಾನದವು. ಬೀಜದ ಪೊಟ್ಟಣದ ಮೇಲೆ ಎಫ್ 1 ಎಂದು ಬರೆದಿರುವುದನ್ನು ಓದಿಯೇ ಬೆಳೆದ ಮಕ್ಕಳಿಗೆ, ಆ ಅಕ್ಷರದ ಹಿಂದೆ ಬರಡಾದ ಪರಾಗವೊಂದಿದೆ ಎಂದು ಹೇಳಿದರೆ ಮನೆಯ ಮಾತು ಶಾಲೆಯ ಮಾತು ಒಂದಾಗುತ್ತವೆ.

ಪರಾಗ ಮೊಳೆಯುವುದನ್ನು ನೋಡಲು ಮಾತ್ರ ಈರುಳ್ಳಿ ಬಿಟ್ಟು ಕರ್ಣಕುಂಡಲಕ್ಕೆ ಬನ್ನಿ. ನೂರು ಮಿಲಿಲೀಟರ್ ನೀರಿಗೆ ಹತ್ತು ಗ್ರಾಂ ಸಕ್ಕರೆ, ಚಿಟಿಕೆಗಿಂತ ಕಡಿಮೆ ಬೋರಿಕ್ ಪುಡಿ. ಅದರ ಒಂದು ಹನಿಯ ಮೇಲೆ ಆಗತಾನೆ ಅರಳಿದ ಹೂವಿನ ಪರಾಗ ಉದುರಿಸಿ ಕಾಯಿರಿ. ಪೀರಿಯಡ್ ಮುಗಿಯುವುದರೊಳಗೆ ರೇಣುವಿನ ಮೈಯಿಂದ ಬಣ್ಣವಿಲ್ಲದ ಸಣ್ಣ ನಾಳ ಹೊರಬಂದು ಉದ್ದವಾಗುತ್ತ ಹೋಗುತ್ತದೆ. ಒಳಗಿನ ಕಣಗಳು ಅದರಲ್ಲಿ ಹರಿದಾಡುವುದೂ ಕಾಣುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ನಾನು ಕಂಡ ದೃಶ್ಯಗಳಲ್ಲಿ ಇದಕ್ಕಿಂತ ಹೆಚ್ಚು ಪ್ರೀತಿಯದು ಇನ್ನೊಂದಿಲ್ಲ. ಹೂವಿನಲ್ಲಾದರೆ ಈ ನಾಳ ಶಲಾಕೆಯುದ್ದಕ್ಕೂ ಇಳಿದು ಅಂಡಕ ಮುಟ್ಟಿ ಗಂಡುಕೋಶಗಳನ್ನು ಬಿಡುತ್ತದೆ. ಅಲ್ಲಿ ಒಂದಲ್ಲ, ಎರಡು ಕೂಡಿಕೆ ನಡೆಯುತ್ತವೆ ಎಂದು ಸೆರ್ಗೈ ನವಾಶಿನ್ 1898ರಲ್ಲಿ ತೋರಿಸಿದರು. ಒಂದರಿಂದ ಭ್ರೂಣ, ಇನ್ನೊಂದರಿಂದ ಅದರ ಆಹಾರ. ಹೂವಿನ ಒಳಗಿನ ಈ ಬಸಿರನ್ನು ಬದುಕಿಡೀ ನೋಡಿದ ಕನ್ನಡಿಗರೊಬ್ಬರು ನಮಗಿದ್ದಾರೆ. ಬಿ.ಜಿ.ಎಲ್. ಸ್ವಾಮಿ ಅವರನ್ನು ನಾವು ಓದುವುದು ‘ಹಸುರು ಹೊನ್ನು’ ಬರೆದವರೆಂದು, 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರೆಂದು. ಸಸ್ಯವಿಜ್ಞಾನಿಗಳು ಅವರನ್ನು ನೆನೆಯುವುದು ಆರ್ಕಿಡ್‌ಗಳ ಭ್ರೂಣ ಬೆಳೆಯುವ ಬಗೆಯನ್ನು ಸ್ಲೈಡುಗಳಲ್ಲಿ ಹಂತ ಹಂತವಾಗಿ ಬಿಡಿಸಿಟ್ಟವರೆಂದು. ಕೋಶಕೇಂದ್ರಕ್ಕೆ 1831ರಲ್ಲಿ ಹೆಸರು ಕೊಟ್ಟ ರಾಬರ್ಟ್ ಬ್ರೌನ್ ಕೂಡ ಅದನ್ನು ಗುರುತಿಸಿದ್ದು ಆರ್ಕಿಡ್ ಎಲೆಯ ಪೊರೆಯಲ್ಲೇ.

ಹೂವಿನಿಂದ ಹೋರಿಗೆ ಬರೋಣ. ಅಜ್ಜಂಪುರ ಎಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಅಮೃತ್ ಮಹಲ್ ದನದ ತಳಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ, ಟಿಪ್ಪು ಕಾಲದಲ್ಲಿ ಅಮೃತ್ ಮಹಲ್ ಎಂದಾಯಿತು. ಇಲ್ಲಿನ ತಳಿ ಸಂವರ್ಧನಾ ಕೇಂದ್ರ ಶುರುವಾದದ್ದು 1929ರಲ್ಲಿ. ಹೋರಿಕರುಗಳ ಹರಾಜಿಗೆ ದೂರದೂರದ ರೈತರು ಬರುತ್ತಾರೆ. ಇಂಥ ಊರಿನ ಮಕ್ಕಳಿಗೆ ಹಸು ಬೆದೆಗೆ ಬರುವುದು, ಹೋರಿ ಹಾಯಿಸುವುದು, ಇಂಜೆಕ್ಷನ್ ಕೊಡಿಸುವುದು, ಗಬ್ಬ ನಿಂತಿತೋ ಇಲ್ಲವೋ ಎಂದು ಡಾಕ್ಟರು ನೋಡುವುದು, ಎಲ್ಲವೂ ದಿನದ ಮಾತು. ಒಂಬತ್ತು ತಿಂಗಳು ಕಾದು ಕರು ಎಳೆಯುವುದಕ್ಕೆ ಕೈಹಾಕಿದ ಹುಡುಗಿಯರೂ ಇದ್ದಾರೆ. ಇಷ್ಟು ಬಲ್ಲ ಮಕ್ಕಳ ಮುಂದೆ ವೀರ್ಯಾಣು ಎಂಬ ಪದ ಉಚ್ಚರಿಸಲು ಹಿಂಜರಿಯುವುದಕ್ಕೆ ಕಾರಣವೇ ಇಲ್ಲ.

ಹಿಂಜರಿಕೆ ಹಳೆಯದು, ನಿಜ. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1677ರಲ್ಲಿ ವೀರ್ಯಾಣುಗಳನ್ನು ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದಾಗ, ಇದು ವಿದ್ವಾಂಸರಿಗೆ ಅಸಹ್ಯ ಅನಿಸುವುದಾದರೆ ಪ್ರಕಟಿಸುವುದು ಬೇಡ ಎಂಬ ಅರ್ಥದ ಮಾತನ್ನೂ ಸೇರಿಸಿದ್ದರು. ಸಸ್ತನಿಯ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ನಾಯಿಯಲ್ಲಿ ಕಂಡದ್ದು 1827ರಲ್ಲಿ. ಎರಡರ ಕೋಶಕೇಂದ್ರಗಳು ಒಂದಾಗುವುದನ್ನು ಆಸ್ಕರ್ ಹರ್ಟ್‌ವಿಗ್ ಸಮುದ್ರದ ಮುಳ್ಳುಚೆಂಡಿನ ಮೊಟ್ಟೆಯಲ್ಲಿ ಗುರುತಿಸಿದ್ದು 1876ರಲ್ಲಿ. ವೀರ್ಯಾಣು ಕಂಡ ಮೇಲೆ ಅದರ ಕೆಲಸ ತಿಳಿಯಲು ಇನ್ನೂರು ವರ್ಷ ಹಿಡಿಯಿತು. ಮಕ್ಕಳಿಗೆ ಒಂದು ವಾರ ಕೊಟ್ಟರೆ ತಪ್ಪಿಲ್ಲ.

ಭಾರತದಲ್ಲಿ ಹಸುಗಳಿಗೆ ಕೃತಕ ಗರ್ಭಧಾರಣೆ ಮೊದಲು ನಡೆದದ್ದು 1939ರಲ್ಲಿ, ನಮ್ಮ ಮೈಸೂರಿನ ಅರಮನೆ ಡೈರಿಯಲ್ಲಿ, ಸಂಪತ್ ಕುಮಾರನ್ ಅವರ ಕೈಯಿಂದ, ಹಳ್ಳಿಕಾರ್ ಹಸುಗಳ ಮೇಲೆ. ಇಂದು ವೀರ್ಯವನ್ನು ಕಾಲು ಮಿಲಿಲೀಟರಿನ ನಳಿಕೆಯಲ್ಲಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಹೆಪ್ಪುಗಟ್ಟಿಸಿದರೂ ಅದು ಸಾಯದಂತೆ ಗ್ಲಿಸರಾಲ್ ಕಾಯುತ್ತದೆ ಎಂದು ತಿಳಿದದ್ದು 1949ರಲ್ಲಿ. ಒಂದು ನಳಿಕೆಯಲ್ಲಿ ಎರಡು ಕೋಟಿ ವೀರ್ಯಾಣು ಇರಬೇಕು, ಕರಗಿಸಿದ ಮೇಲೆ ಅರ್ಧದಷ್ಟಾದರೂ ಈಜುತ್ತಿರಬೇಕು ಎಂಬುದು ನಿಯಮ. ಊರಿನ ಪಶುವೈದ್ಯರನ್ನು ಒಂದು ಬೆಳಿಗ್ಗೆ ಶಾಲೆಗೆ ಕರೆಯಿರಿ. ನಳಿಕೆಯನ್ನು 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಸ್ಲೈಡನ್ನೂ ಅಷ್ಟೇ ಬೆಚ್ಚಗೆ ಇಟ್ಟುಕೊಂಡರೆ ಶಾಲೆಯ ಸೂಕ್ಷ್ಮದರ್ಶಕವೇ ಸಾಕು. ತಣ್ಣನೆಯ ಸ್ಲೈಡಿನ ಮೇಲೆ ಅವು ಬೇಗ ನಿಂತುಬಿಡುತ್ತವೆ, ಆಟ ಕೆಡುತ್ತದೆ. ಬಾಲ ಸೇರಿಸಿ ಒಂದರ ಉದ್ದ ಸುಮಾರು ಎಪ್ಪತ್ತು ಮೈಕ್ರಾನ್. ಈರುಳ್ಳಿ ಪೊರೆಯ ಕೋಶ ಅಳೆದ ಮಗುವಿಗೆ ಇದು ಅದರ ಮೂರನೆಯ ಒಂದು ಭಾಗಕ್ಕೂ ಕಡಿಮೆ ಎಂದು ಕೂಡಲೇ ಹೊಳೆಯುತ್ತದೆ. ಹಸುವಿನ ಕೋಶದಲ್ಲಿ ಅರವತ್ತು ವರ್ಣತಂತು, ವೀರ್ಯಾಣುವಿನಲ್ಲಿ ಎಷ್ಟು ಎಂದು ಕೇಳಿ. ದಂಟಿನ ಮೊಗ್ಗು ನೋಡಿದವರು ಮೂವತ್ತು ಎನ್ನುತ್ತಾರೆ.

ಇಷ್ಟಾದ ಮೇಲೆ ಮನುಷ್ಯರ ಪಾಠಕ್ಕೆ ಬಂದರೆ ಹೊಸದಾಗಿ ಹೇಳಬೇಕಾದದ್ದು ಕಡಿಮೆ. ಕೆನ್ನೆಯ ಒಳಭಾಗವನ್ನು ಹಲ್ಲುಕಡ್ಡಿಯಿಂದ ಮೆಲ್ಲನೆ ಕೆರೆದು, ಮೆಥಿಲೀನ್ ಬ್ಲೂ ಹಾಕಿ ತಮ್ಮ ಕೋಶ ತಾವೇ ನೋಡಲಿ. ಅದರಲ್ಲಿ ನಲವತ್ತಾರು, ಇಪ್ಪತ್ತಮೂರು ಅಮ್ಮನಿಂದ, ಇಪ್ಪತ್ತಮೂರು ಅಪ್ಪನಿಂದ. ಋತುಸ್ರಾವ, ಗರ್ಭಕೋಶ, ಮಗು ಬೆಳೆಯುವ ಬಗೆ ಎಲ್ಲವನ್ನೂ ಹುಡುಗರು ಹುಡುಗಿಯರನ್ನು ಒಟ್ಟಿಗೆ ಕೂರಿಸಿಯೇ ಹೇಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಕೇಳಲು ಸಂಕೋಚಪಡುವವರು ಚೀಟಿ ಬರೆದು ಹಾಕಲು ಒಂದು ಡಬ್ಬಿ ಇಟ್ಟರಾಯಿತು.

ಹೆಣ್ಣು ಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ನಳಿಕೆಗಳು ಈಗ ಹಳ್ಳಿಗಳಿಗೂ ಬಂದಿವೆ. ಹಸುವಿನ ಜಾತಿಯಲ್ಲಿ ಎಕ್ಸ್ ವರ್ಣತಂತು ಹೊತ್ತ ವೀರ್ಯಾಣುವಿನಲ್ಲಿ ವೈ ಹೊತ್ತದ್ದಕ್ಕಿಂತ ಶೇಕಡಾ ನಾಲ್ಕರಷ್ಟು ಡಿಎನ್‌ಎ ಹೆಚ್ಚು. ಹೊಳೆಯುವ ಬಣ್ಣ ಹಾಕಿ, ಲೇಸರ್ ಬೆಳಕಿನಲ್ಲಿ ಆ ವ್ಯತ್ಯಾಸ ಹಿಡಿದು ಬೇರೆ ಮಾಡುತ್ತಾರೆ. ಕರು ಹೆಣ್ಣೋ ಗಂಡೋ ಎಂಬುದು ಹೋರಿಯ ಕಡೆಯಿಂದ ಬರುವ ನಳಿಕೆಯ ಮೇಲೆ ನಿಂತಿದೆ ಎಂದು ನಂಬಿ ದುಡ್ಡು ಕೊಡುವ ಮನೆಗಳಲ್ಲೇ, ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವವರೂ ಇದ್ದಾರೆ. ಅಮ್ಮನಿಂದ ಬರುವುದು ಎಕ್ಸ್ ಒಂದೇ, ಅಪ್ಪನಿಂದ ಎಕ್ಸ್ ಅಥವಾ ವೈ. ಈ ಲೆಕ್ಕವನ್ನು ಮೇಷ್ಟ್ರು ಬರೆಯುವುದು ಬೇಡ. ಸೀಮೆಸುಣ್ಣವನ್ನು ಎಂಟನೆಯ ತರಗತಿಯ ಹುಡುಗಿಯೊಬ್ಬಳ ಕೈಗೆ ಕೊಡಿ.