ಕುಂಕುಮಶಬ್ದದ ಅರ್ಥವೂ ಕೇಸರಿಯ ಔಷಧಗುಣವೂ: ಒಂದು ವಿಮರ್ಶೆ

ಪ್ರಾಚೀನ ಕಾವ್ಯಗಳನ್ನೂ ವೈದ್ಯಗ್ರಂಥಗಳನ್ನೂ ಓದುವವರಿಗೆ ಮೇಲಿಂದ ಮೇಲೆ ಎದುರಾಗುವ ಶಬ್ದಗಳಲ್ಲಿ ‘ಕುಂಕುಮ’ವೂ ಒಂದು. ಸಂಸ್ಕೃತದಲ್ಲಿ ಅದು ಕೇಸರಿಗೆ, ಎಂದರೆ ಸಸ್ಯಶಾಸ್ತ್ರಜ್ಞರು ಕ್ರೋಕಸ್ ಸಟೈವಸ್ ಎಂದು ಕರೆಯುವ ಗಿಡದ ಹೂವಿನಲ್ಲಿರುವ ಕೆಂಪು ಎಳೆಗಳಿಗೆ, ಹೆಸರು. ಇಂದಿನ ಕನ್ನಡದಲ್ಲಿಯಾದರೋ ಅದು ಅರಿಶಿನದಿಂದ ತಯಾರಿಸಿ ಹಣೆಗೆ ಇಡುವ ಕೆಂಪು ಪುಡಿ. ಶಬ್ದವೊಂದೇ, ವಸ್ತುಗಳು ಎರಡು. ಒಂದು ಕಾಶ್ಮೀರದಿಂದ ಬಂದದ್ದು, ಇನ್ನೊಂದು ನಮ್ಮ ಹಿತ್ತಿಲಿನದು. ಈ ಭೇದವನ್ನು ಮರೆತು ಹಳೆಯ ಗ್ರಂಥಗಳ ಮಾತನ್ನು ಇಂದಿನ ಮನೆಮದ್ದಿಗೆ ಅನ್ವಯಿಸುವವರು ಅನೇಕರಿದ್ದಾರೆ. ಕೇಸರಿಯ ಗುಣಗಳೆಂದು ಪ್ರಚಾರದಲ್ಲಿರುವ ಮಾತುಗಳಲ್ಲಿ ಗ್ರಂಥಾಧಾರವುಳ್ಳವು ಯಾವುವು, ಶಬ್ದಭ್ರಾಂತಿಯಿಂದಲೋ ಅತ್ಯಾಸೆಯಿಂದಲೋ ಹುಟ್ಟಿದವು ಯಾವುವು ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಸಸ್ಯವನ್ನು ಕುರಿತ ವಿದ್ಯೆಯಲ್ಲಿ ಎರಡು ಮಾರ್ಗಗಳುಂಟು. ಗಿಡವನ್ನು ಎದುರಿಗಿಟ್ಟುಕೊಂಡು ಅದರ ಹೆಸರನ್ನು ನಿರ್ಧರಿಸುವುದು ಒಂದು. ಹೆಸರನ್ನು ಎದುರಿಗಿಟ್ಟುಕೊಂಡು ಗಿಡವನ್ನು ಹುಡುಕುವುದು ಇನ್ನೊಂದು. ಬೆಂಗಳೂರಿಗೆ ವಾಯವ್ಯದಲ್ಲಿರುವ ಹೆಸರಘಟ್ಟದಲ್ಲಿ ೧೯೬೭ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯದು ಮೊದಲನೆಯ ಮಾರ್ಗ. ಹಣ್ಣು, ತರಕಾರಿ, ಹೂವುಗಳ ಜೊತೆಗೆ ಅಶ್ವಗಂಧ, ನಸುಗುನ್ನಿ, ಒಂದೆಲಗ ಮೊದಲಾದ ಔಷಧೀಯ ಸಸ್ಯಗಳ ಮೇಲೂ ಅಲ್ಲಿ ಕೆಲಸ ನಡೆದಿದೆ. ಅರ್ಕಾವತಿಯನ್ನು ನೆನಪಿಗೆ ತರುವ ‘ಅರ್ಕ’ ಎಂಬ ಪೂರ್ವಪದದೊಡನೆ ಹೊರಬಂದ ತಳಿಯೊಂದನ್ನು ಕೈಗೆತ್ತಿಕೊಂಡ ರೈತನಿಗೆ ಅದು ಯಾವ ಗಿಡವೆಂಬ ಸಂದೇಹ ಬರುವಂತಿಲ್ಲ. ಸಾಹಿತ್ಯದ ಅಭ್ಯಾಸಿಗಳಾದ ನಮ್ಮದು ಎರಡನೆಯ ಮಾರ್ಗ. ಓಲೆಯ ಮೇಲಿನ ಹೆಸರು ಮಾತ್ರ ನಮಗೆ ದೊರೆಯುತ್ತದೆ, ಗಿಡ ದೊರೆಯುವುದಿಲ್ಲ. ಆದಕಾರಣ ನಮ್ಮ ಎಚ್ಚರಿಕೆ ಇಮ್ಮಡಿಯಾಗಿರಬೇಕು.

ಕೇಸರಿಯ ವಿಷಯದಲ್ಲಂತೂ ಹೆಸರಘಟ್ಟದ ನೆಲವೇ ನಮಗೊಂದು ಪಾಠವನ್ನು ಹೇಳುತ್ತದೆ. ಸಮುದ್ರಮಟ್ಟಕ್ಕಿಂತ ಸುಮಾರು ೮೯೦ ಮೀಟರ್ ಎತ್ತರದ ಈ ಪ್ರಸ್ಥಭೂಮಿಯ ಸಮಶೀತೋಷ್ಣ ಹವೆಯಲ್ಲಿ ಎಷ್ಟೋ ಬಗೆಯ ಬೆಳೆಗಳು ಬರುತ್ತವೆ. ಕೇಸರಿ ಮಾತ್ರ ಬಯಲಿನಲ್ಲಿ ಬರುವ ಬೆಳೆಯಲ್ಲ. ಅದರ ಗೆಡ್ಡೆಯೊಳಗೆ ಮೊಗ್ಗು ರೂಪುಗೊಳ್ಳಲು ಬೇಸಗೆಯ ಬಿಸಿ ಬೇಕು. ಆ ಮೊಗ್ಗು ಹೊರಬಂದು ಅರಳಲು ಶರತ್ಕಾಲದ ತಂಪು ಬೇಕು. ಆಮೇಲೆ ಗೆಡ್ಡೆ ಬಲಿಯಲು ನಿಜವಾದ ಚಳಿಗಾಲ ಬೇಕು. ಕಾಶ್ಮೀರದ ಪಾಂಪೋರಿನ ಸುತ್ತಣ ದಿಣ್ಣೆಗಳಲ್ಲಿ ಇವೆಲ್ಲವೂ ಕೂಡಿಬರುತ್ತವೆ. ಗಿಡವು ಬೀಜ ಕಟ್ಟುವುದಿಲ್ಲ. ಮನುಷ್ಯನು ಗೆಡ್ಡೆಯನ್ನು ಕಿತ್ತು ನೆಟ್ಟರೆ ಮಾತ್ರ ಅದರ ಸಂತತಿ ಮುಂದುವರಿಯುತ್ತದೆ. ಒಂದು ಹೂವಿಗೆ ಮೂರೇ ಎಳೆ. ಒಂದು ಕಿಲೋಗ್ರಾಮ್ ಒಣಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂಗಳು ಬೇಕಾಗುತ್ತವೆ. ಇತ್ತೀಚೆಗೆ ತಂಪುಗೊಳಿಸಿದ ಕೋಣೆಗಳಲ್ಲಿ ಇದನ್ನು ಅರಳಿಸುವ ಪ್ರಯತ್ನಗಳು ದೇಶದ ಹಲವೆಡೆ ನಡೆದಿರುವುದು ನಿಜ. ಆದರೆ ಚರಿತ್ರೆಯುದ್ದಕ್ಕೂ ಕನ್ನಡನಾಡಿನ ಕೇಸರಿ ವರ್ತಕನು ತಂದ ಕೇಸರಿಯೇ. ಗಿಡವನ್ನು ಕಂಡು ಕಿತ್ತ ಕೇಸರಿಯಲ್ಲ.

ಇದಕ್ಕೆ ನಮ್ಮ ನಾಡಿನ ಆಸ್ಥಾನವೊಂದರಲ್ಲಿಯೇ ಸಾಕ್ಷಿಯಿದೆ. ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯವನ್ನು ಪಡೆದು ವಿದ್ಯಾಪತಿಯೆನಿಸಿದ ಬಿಲ್ಹಣನು ಕಾಶ್ಮೀರದವನು. ‘ವಿಕ್ರಮಾಂಕದೇವಚರಿತ’ದ ಆದಿಯಲ್ಲಿ ಅವನು ಕವಿತಾವಿಲಾಸವನ್ನು ಕುಂಕುಮಕೇಸರಗಳ ಒಡಹುಟ್ಟಾಗಿ ಕಾಣುತ್ತಾನೆ, ಶಾರದಾದೇಶವನ್ನು ಬಿಟ್ಟು ಬೇರೆಲ್ಲಿಯೂ ಇವು ಮೊಳೆತದ್ದನ್ನು ತಾನು ಕಂಡಿಲ್ಲವೆನ್ನುತ್ತಾನೆ. ಕೊನೆಯ ಸರ್ಗದಲ್ಲಿ ತನ್ನ ಹುಟ್ಟೂರಾದ ಖೋನಮುಖವನ್ನು ವರ್ಣಿಸುವಾಗ ಅದರ ಒಂದು ಪಾರ್ಶ್ವದಲ್ಲಿ ಕುಂಕುಮ, ಇನ್ನೊಂದರಲ್ಲಿ ದ್ರಾಕ್ಷಿ ಬೆಳೆಯುವುದನ್ನು ನೆನೆಯುತ್ತಾನೆ. ಸ್ವದೇಶಾಭಿಮಾನದ ಉತ್ಪ್ರೇಕ್ಷೆ ಇಲ್ಲಿರಬಹುದು. ಆದರೂ ಕಲ್ಯಾಣದ ಅರಮನೆಯಲ್ಲಿ ಕುಂತು ಬರೆದವನು ಕುಂಕುಮವನ್ನು ದೂರದ ತವರಿನ ಬೆಳೆಯೆಂದೇ ನೆನೆದನೆಂಬುದು ಮುಖ್ಯ. ಅದೇ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅಂಗಲೇಪನಗಳಿಗೆಂದೇ ಒಂದು ಪ್ರಕರಣವಿದೆ. ಕುಂಕುಮವು ಅಲ್ಲಿ ಸೇರುವುದು ರಾಜಭೋಗದ ದ್ರವ್ಯಗಳ ಸಾಲಿನಲ್ಲಿ. ಬಡವನ ಅಡುಗೆಮನೆಯ ಡಬ್ಬಿಯಲ್ಲಲ್ಲ.

ಇನ್ನು ಹೆಸರುಗಳ ವಿಚಾರ. ಅಮರಕೋಶವು ಕುಂಕುಮಕ್ಕೆ ಕಾಶ್ಮೀರಜನ್ಮ, ಅಗ್ನಿಶಿಖ, ಬಾಹ್ಲೀಕ, ಪೀತನ, ಲೋಹಿತಚಂದನ ಮುಂತಾದ ಪರ್ಯಾಯಗಳನ್ನು ಕೊಡುತ್ತದೆ. ಇವುಗಳಲ್ಲಿ ಕೆಲವು ಕುಂಕುಮಕ್ಕೇ ಮೀಸಲಾದವಲ್ಲ. ಅದೇ ಕೋಶದಲ್ಲಿ ಬಾಹ್ಲೀಕವೆಂದರೆ ಇಂಗೂ ಹೌದು. ಪೀತನವೆಂದರೆ ಅಮಟೆಯ ಮರವೂ ಹೌದು, ಹರಿತಾಳವೂ ಹೌದು. ಹರಿತಾಳವಾದರೋ ಪಾಷಾಣವರ್ಗದ ಖನಿಜ. ಕೇಸರವೆಂಬ ಶಬ್ದವು ಬಕುಲಕ್ಕೂ ನಾಗಕೇಸರಕ್ಕೂ ಸಲ್ಲುತ್ತದೆ. ಸುಶ್ರುತಸಂಹಿತೆಯ ಏಲಾದಿಗಣದಲ್ಲಿ ಕುಂಕುಮವೂ ಪುನ್ನಾಗಕೇಸರವೂ ಒಂದರ ಪಕ್ಕದಲ್ಲೊಂದು ಬಂದಿರುವುದನ್ನು ನೋಡಿದರೆ ಪ್ರಾಚೀನರಿಗೆ ಇವು ಬೇರೆಬೇರೆಯೆಂಬುದು ಸ್ಪಷ್ಟವಾಗಿ ತಿಳಿದಿತ್ತೆಂದು ಹೇಳಬಹುದು. ತಿಳಿವು ಮಸುಕಾದದ್ದು ನಮ್ಮಲ್ಲಿ. ಒಂದು ಕಾವ್ಯದಲ್ಲಿ ಅರ್ಥ ತಪ್ಪಿದರೆ ರಸಕ್ಕೆ ಭಂಗ ಬಂದೀತು. ಒಂದು ಯೋಗದಲ್ಲಿ ಪೀತನವೆಂಬುದರ ಅರ್ಥ ತಪ್ಪಿದರೆ ರೋಗಿಯ ಪ್ರಾಣಕ್ಕೇ ಭಂಗ ಬಂದೀತು. ಕೀರ್ತಿವರ್ಮನ ‘ಗೋವೈದ್ಯ’, ಮಂಗರಾಜನ ‘ಖಗೇಂದ್ರಮಣಿದರ್ಪಣ’ಗಳಂತಹ ಕನ್ನಡ ಶಾಸ್ತ್ರಗ್ರಂಥಗಳಿಗೆ ಶಬ್ದಾರ್ಥವನ್ನು ಬರೆಯುವವರು ಕೋಶದ ಮೊದಲ ಅರ್ಥಕ್ಕೆ ತೃಪ್ತರಾಗಬಾರದೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಗುಣಗಳ ವಿಷಯಕ್ಕೆ ಬರೋಣ. ಹದಿನಾರನೆಯ ಶತಮಾನದ ಭಾವಮಿಶ್ರನು ‘ಭಾವಪ್ರಕಾಶ’ದಲ್ಲಿ ಕುಂಕುಮವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಸೂಕ್ಷ್ಮವಾದ ಕೆಂಪು ಎಳೆಗಳೂ ತಾವರೆಯ ಕಂಪೂ ಉಳ್ಳ ಕಾಶ್ಮೀರದ್ದು ಉತ್ತಮ. ಬಿಳಿಚಿದ, ಕೇದಗೆಯ ಕಂಪಿನ ಬಾಹ್ಲೀಕದ್ದು ಮಧ್ಯಮ. ದಪ್ಪ ಎಳೆಯ, ಜೇನಿನ ಕಂಪಿನ ಪಾರಸೀಕದ್ದು ಅಧಮ. ವರ್ತಕನ ಸರಕನ್ನು ಪರೀಕ್ಷಿಸಿ ಕೊಳ್ಳಬೇಕಾದವನ ದೃಷ್ಟಿ ಇಲ್ಲಿ ಎದ್ದು ಕಾಣುತ್ತದೆ. ಗುಣವನ್ನು ಹೇಳುವಾಗ ಆತನು ಕಟು, ತಿಕ್ತ, ಸ್ನಿಗ್ಧವೆಂದು ರಸಾದಿಗಳನ್ನು ಸೂಚಿಸಿ, ತಲೆನೋವು, ಹುಣ್ಣು, ಕ್ರಿಮಿ, ವಾಂತಿಗಳನ್ನು ಹೋಗಲಾಡಿಸುವುದೆಂದೂ, ‘ವರ್ಣ್ಯ’ವೆಂದೂ, ‘ವ್ಯಂಗ’ವನ್ನು ನೀಗುವುದೆಂದೂ ಹೇಳಿದ್ದಾನೆ. ವ್ಯಂಗವೆಂದರೆ ಮುಖದ ಮೇಲೆ ಬರುವ ಕಪ್ಪು ಮಚ್ಚೆ. ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಬರುವ ಕುಂಕುಮಾದಿ ತೈಲವೂ ಇಂತಹ ಚರ್ಮವಿಕಾರಗಳ ಪ್ರಕರಣಕ್ಕೆ ಸೇರಿದ್ದು. ಚರಕನಾದರೋ ವರ್ಣ್ಯವೆಂದು ಎಣಿಸಿದ ಹತ್ತು ದ್ರವ್ಯಗಳಲ್ಲಿ ಕುಂಕುಮವನ್ನು ಸೇರಿಸಿಯೇ ಇಲ್ಲ. ಚಂದನ, ಲಾವಂಚ, ಮಂಜಿಷ್ಠ, ಸಾರಿವೆಗಳಿಗೆ ಅಲ್ಲಿ ಸ್ಥಾನವಿದೆ.

ಈ ‘ವರ್ಣ್ಯ’ವೆಂಬ ಒಂದು ಮಾತೇ ಇಂದಿನ ದೊಡ್ಡ ಭ್ರಾಂತಿಯೊಂದಕ್ಕೆ ನೆಪವಾಗಿರುವಂತೆ ತೋರುತ್ತದೆ. ಗರ್ಭಿಣಿಯು ಹಾಲಿಗೆ ಕೇಸರಿಯನ್ನು ಹಾಕಿ ಕುಡಿದರೆ ಹುಟ್ಟುವ ಮಗು ಬೆಳ್ಳಗಾಗುತ್ತದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಮೇಲೆ ಹೇಳಿದ ವಾಕ್ಯಗಳಾವುವೂ ಗರ್ಭಸ್ಥಶಿಶುವಿನ ಬಣ್ಣದ ಮಾತನ್ನು ಎತ್ತುವುದಿಲ್ಲ; ರೋಗಿಯ ಚರ್ಮದ ವಿಕಾರವನ್ನು ಕಳೆದು ಅದರ ಸಹಜವಾದ ಕಾಂತಿಯನ್ನು ಮರಳಿಸುವುದಷ್ಟೇ ಅಲ್ಲಿ ವಿವಕ್ಷಿತವಾದ ಅರ್ಥ. ಮಗುವಿನ ಬಣ್ಣವನ್ನು ನಿಶ್ಚಯಿಸುವುದು ತಂದೆತಾಯಿಗಳಿಂದ ಬಂದ ಆನುವಂಶಿಕ ಗುಣಗಳೇ ಹೊರತು ತಾಯಿ ಕುಡಿದ ಹಾಲಲ್ಲ. ಹಾಲಿನಲ್ಲಿ ನಾಲ್ಕು ಎಳೆ ಕೇಸರಿಯನ್ನು ನೆನೆಸಿ ಕುಡಿಯುವುದು ರುಚಿಗೆ ಹಿತವೆಂಬುದನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆಕ್ಷೇಪವಿರುವುದು ಅದರ ಹಿಂದಿನ ಆಸೆಗೆ. ಮಗು ಕಪ್ಪಾಗಿ ಹುಟ್ಟಿದರೆ ತಾಯಿಯು ಕೇಸರಿ ಸೇವಿಸಲಿಲ್ಲವೆಂದು ದೂರುವ ಮನೆಗಳಲ್ಲಿ ಔಷಧವೆಂಬುದು ನಿಂದೆಗೆ ಸಾಧನವಾಗುತ್ತದೆ. ಇಷ್ಟೇ ಅಲ್ಲ, ಅಧಿಕಮಾತ್ರೆಯ ಕೇಸರಿಯು ಗರ್ಭಾಶಯವನ್ನು ಕೆರಳಿಸಬಹುದೆಂಬ ಎಚ್ಚರಿಕೆಯನ್ನು ವೈದ್ಯರು ಕೊಡುತ್ತಾರೆ. ಐದು ಗ್ರಾಮಿಗೆ ಮೀರಿದ ಸೇವನೆ ಯಾರಿಗೇ ಆದರೂ ಅಪಾಯಕರವೆಂದು ಎಣಿಸಲಾಗಿದೆ.

ಹಾಗೆಂದು ಕೇಸರಿಗೆ ಗುಣವೇ ಇಲ್ಲವೆನ್ನುವುದು ಇನ್ನೊಂದು ಅತಿರೇಕ. ಅದರ ಬಣ್ಣಕ್ಕೆ ಕ್ರೋಸಿನ್, ಕಹಿಗೆ ಪಿಕ್ರೋಕ್ರೋಸಿನ್, ಪರಿಮಳಕ್ಕೆ ಸಾಫ್ರನಾಲ್ ಎಂಬ ದ್ರವ್ಯಗಳು ಕಾರಣವೆಂದು ರಸಾಯನಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಈ ಶತಮಾನದ ಮೊದಲ ದಶಕದಿಂದ ಈಚೆಗೆ, ವಿಶೇಷವಾಗಿ ಇರಾನಿನಲ್ಲಿ, ಸೌಮ್ಯವಾದ ಖಿನ್ನತೆಯುಳ್ಳವರಿಗೆ ದಿನಕ್ಕೆ ೩೦ ಮಿಲಿಗ್ರಾಮಿನಂತೆ ಆರೆಂಟು ವಾರ ಕೇಸರಿಯ ಸಾರವನ್ನು ಕೊಟ್ಟು ನೋಡಿದ ಪರೀಕ್ಷೆಗಳಲ್ಲಿ ಸ್ವಲ್ಪಮಟ್ಟಿನ ಗುಣ ಕಂಡುಬಂದಿದೆ. ಆದರೆ ಅವುಗಳಲ್ಲಿ ಬಹುಪಾಲು ಅಲ್ಪಸಂಖ್ಯೆಯ ರೋಗಿಗಳ ಮೇಲೆ ಅಲ್ಪಕಾಲ ನಡೆದವು. ಇದನ್ನು ನಂಬಿ ವೈದ್ಯನು ಕೊಟ್ಟ ಔಷಧವನ್ನು ಬಿಡುವುದು ಅವಿವೇಕ.

ಗುಣವಿದ್ದರೂ ಅದು ದೊರೆಯುವುದು ನಿಜವಾದ ಕೇಸರಿಯಿಂದ ಮಾತ್ರ. ಬೆಲೆ ಹೆಚ್ಚಿದ ವಸ್ತುವಿಗೆ ಕಲಬೆರಕೆ ನೆರಳಿನಂತೆ ಅಂಟಿರುತ್ತದೆ. ಉತ್ತರ ಕರ್ನಾಟಕದ ಎರೆನೆಲದಲ್ಲಿ ಎಣ್ಣೆಕಾಳಿಗಾಗಿ ಬೆಳೆಯುವ ಕುಸುಬೆಯ ಹೂವಿನ ಎಸಳುಗಳು ಕೇಸರಿಯನ್ನು ಹೋಲುತ್ತವೆ. ಅವನ್ನು ಕೇಸರಿಯೆಂದು ಮಾರುವ ವಂಚನೆ ಎಲ್ಲೆಡೆಯೂ ಪರಿಚಿತವಾದದ್ದು. ನಿಜವಾದ ಎಳೆಯನ್ನು ನೀರಿನಲ್ಲಿ ಹಾಕಿದರೆ ಹೊಂಬಣ್ಣ ಮೆಲ್ಲಮೆಲ್ಲನೆ ಬಿಡುತ್ತದೆ, ಎಳೆ ಬಹಳ ಹೊತ್ತು ಕೆಂಪಾಗಿಯೇ ಉಳಿಯುತ್ತದೆ, ಅದರ ತುದಿ ಕಹಳೆಯ ಬಾಯಿಯಂತೆ ಅಗಲವಾಗಿರುತ್ತದೆ. ಬಣ್ಣ ಹಚ್ಚಿದ ಸರಕು ಥಟ್ಟನೆ ಕೆಂಪನ್ನು ಕಾರಿ ತಾನು ಬಿಳಿಚಿಕೊಳ್ಳುತ್ತದೆ. ೨೦೨೦ರಲ್ಲಿ ಕಾಶ್ಮೀರದ ಕೇಸರಿಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆತದ್ದರ ಹಿಂದೆಯೂ ಈ ವಂಚನೆಯ ಭಯವಿದೆ. ಭಾವಮಿಶ್ರನ ಕಾಲದ ಪರೀಕ್ಷೆಯ ಅಗತ್ಯ ಇಂದಿಗೂ ತಪ್ಪಿಲ್ಲವೆಂದಾಯಿತು.

ನಮ್ಮ ಹೆಂಗಸರು ಹಣೆಗಿಡುವ ಕುಂಕುಮದ ಕಥೆ ಬೇರೆ. ಸುಣ್ಣದಂತಹ ಕ್ಷಾರದ ಸಂಪರ್ಕದಿಂದ ಅರಿಶಿನದ ಹಳದಿ ಕೆಂಪಾಗುತ್ತದೆ. ಈ ಗುಣವೇ ಅದರ ತಯಾರಿಕೆಗೆ ಆಧಾರ. ದುರ್ಲಭವಾದ ಕೆಂಪಿನ ಹೆಸರನ್ನು ಸುಲಭವಾದ ಕೆಂಪು ಪಡೆದುಕೊಂಡಿತು. ಇದು ಭಾಷೆಯ ಸಹಜವಾದ ನಡೆ. ಇದರಲ್ಲಿ ದೋಷವೇನೂ ಇಲ್ಲ. ದೋಷವಿರುವುದು ಹೆಸರಿನೊಡನೆ ಗುಣವೂ ವರ್ಗವಾಯಿತೆಂದು ತಿಳಿಯುವುದರಲ್ಲಿ.

ಆದ್ದರಿಂದ ಹಳೆಯ ಪಠ್ಯದಲ್ಲಿ ಕುಂಕುಮಶಬ್ದ ಬಂದಾಗ ಸಂಪಾದಕರು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವುದು ಯುಕ್ತ. ಮೊದಲನೆಯದು, ಅದರ ಸಂಗಡಿಗರು ಯಾರು? ಕರ್ಪೂರ, ಕಸ್ತೂರಿ, ಚಂದನಗಳೊಡನೆ ಬಂದರೆ ಕೇಸರಿಯೆಂದೂ, ಅರಿಶಿನದೊಡನೆ ಜೋಡಿಯಾಗಿ ಬಂದರೆ ಪುಡಿಯೆಂದೂ ಊಹಿಸಬಹುದು. ಎರಡನೆಯದು, ಅದರ ರೂಪವೇನು? ಪಂಕ, ರಸ, ಅಂಗರಾಗವೆಂದಾದರೆ ಕೇಸರಿಗೆ ಹೆಚ್ಚು ಬಲ. ಹಣೆಯ ಬೊಟ್ಟೆಂದಾದರೆ ಪುಡಿಗೆ. ಮೂರನೆಯದು, ಔಷಧಯೋಗದಲ್ಲಿ ಪರ್ಯಾಯಪದ ಬಂದಿದ್ದರೆ ಅದೇ ಪದವನ್ನು ಹೊತ್ತ ಬೇರೆ ದ್ರವ್ಯ ಯಾವುದು, ಆ ರೋಗಕ್ಕೆ ಯಾವುದು ಸಲ್ಲುತ್ತದೆ? ಉತ್ತರ ದೊರೆಯದಿದ್ದಲ್ಲಿ ಎರಡರ್ಥವನ್ನೂ ಕೊಟ್ಟು ಸಂದೇಹಚಿಹ್ನೆಯನ್ನು ಹಾಕುವುದೇ ಪ್ರಾಮಾಣಿಕತೆ.

ಹೆಸರಘಟ್ಟದ ಮಡಿಯಲ್ಲಿ ನಿಂತ ಒಂದೆಲಗವು ತನ್ನ ಗುಣವನ್ನು ಅಳತೆಗೆ ಒಪ್ಪಿಸುತ್ತದೆ. ಓಲೆಯ ಮೇಲಿನ ಕುಂಕುಮಕ್ಕೆ ಆ ಅನುಕೂಲವಿಲ್ಲ. ಅದನ್ನು ಅಳೆಯಬೇಕಾದವರು ನಾವು. ಆ ಕೆಲಸವನ್ನು ಸಸ್ಯಶಾಸ್ತ್ರಜ್ಞರೊಡನೆಯೂ ವೈದ್ಯರೊಡನೆಯೂ ಕುಳಿತು ಮಾಡಿದಲ್ಲಿ ಕೋಶಕ್ಕೂ ಉಪಕಾರ, ಮನೆಯ ಗರ್ಭಿಣಿಗೂ ಉಪಕಾರ.