ಚಲಚ್ಚಿತ್ರ ಪತ್ರಿಕೆಗಳ ಮುಖಪುಟ: ಒಂದು ವಿವೇಚನೆ

ಚಲಚ್ಚಿತ್ರ ಪತ್ರಿಕೆಯ ಮುಖಪುಟವು ವಿಮರ್ಶೆಗೆ ತಕ್ಕ ವಸ್ತುವೇ ಎಂದು ನಮ್ಮ ಶಿಕ್ಷಕ ಬಂಧುಗಳಲ್ಲಿ ಕೆಲವರು ಕೇಳಬಹುದು. ಶಾಸನ, ಕಾವ್ಯ, ಜಾನಪದಗಳನ್ನು ಕುರಿತ ಲೇಖನಗಳ ನಡುವೆ ತಾರೆಯರ ಚಿತ್ರಗಳಿಗೇನು ಕೆಲಸ? ಈ ಆಕ್ಷೇಪಕ್ಕೆ ನಮ್ಮ ಉತ್ತರವಿಷ್ಟೆ. ಪಠ್ಯಪುಸ್ತಕವನ್ನು ವಿದ್ಯಾರ್ಥಿಯು ನಾವು ಹೇಳಿದುದರಿಂದ ತೆರೆಯುತ್ತಾನೆ. ಸಿನಿಮಾ ಪತ್ರಿಕೆಯನ್ನು ಯಾರೂ ಹೇಳದೆಯೇ ತೆರೆಯುತ್ತಾನೆ. ಹೇಳದೆಯೇ ತೆರೆಯಿಸುವ ಶಕ್ತಿ ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸುವುದು ಅಧ್ಯಾಪಕನ ಕರ್ತವ್ಯವೇ ಸರಿ.

ಮುಖಪುಟಕ್ಕೆ ಎರಡು ಕೆಲಸಗಳುಂಟು. ದೂರದಲ್ಲಿ ಹೋಗುವವನನ್ನು ನಿಲ್ಲಿಸುವುದು ಮೊದಲನೆಯದು; ನಿಂತವನ ಕೈ ಜೇಬಿಗೆ ಹೋಗುವಂತೆ ಮಾಡುವುದು ಎರಡನೆಯದು. ಅಂಗಡಿಯಲ್ಲಿ ಪತ್ರಿಕೆಗಳನ್ನು ಒಂದರ ಮೇಲೊಂದು ಅರ್ಧ ಮುಚ್ಚುವಂತೆ ಜೋಡಿಸುವುದು ವಾಡಿಕೆ. ಆದುದರಿಂದ ಪತ್ರಿಕೆಯ ಹೆಸರು ತಲೆಯಲ್ಲಿಯೇ ಇರಬೇಕು. ಅದರ ಕೆಳಗೆ ಒಂದೇ ಒಂದು ಮುಖ, ಆ ಮುಖದಲ್ಲಿ ನೋಡುವವನನ್ನೇ ನೋಡುವ ಕಣ್ಣುಗಳು. ಗುಂಪಿನ ಚಿತ್ರವನ್ನು ಹುಡುಕಿ ನೋಡಬೇಕಾಗುತ್ತದೆ. ಒಂಟಿ ಮುಖವಾದರೋ ತಾನೇ ಎದುರಾಗುತ್ತದೆ. ಈ ಸಾಮಾನ್ಯ ಸೂತ್ರವನ್ನು ಬೇರೆ ಬೇರೆ ಕಾಲದ ಪತ್ರಿಕೆಗಳು ಹೇಗೆ ಬಳಸಿಕೊಂಡವು ಎಂಬುದನ್ನು ಮುಂಬಯಿಯ ಮೂರು ಇಂಗ್ಲಿಷ್ ಪತ್ರಿಕೆಗಳಿಂದ ತಿಳಿಯಬಹುದು.

ಮೊದಲನೆಯದು, ಬಾಬುರಾವ್ ಪಟೇಲರು 1935ರಲ್ಲಿ ಆರಂಭಿಸಿದ 'ಫಿಲ್ಮ್‌ಇಂಡಿಯಾ'. ಇದರ ಮುಖಪುಟಗಳಿಗೆ ಕೀರ್ತಿ ತಂದವರಲ್ಲಿ ಮುಖ್ಯರು ಚಿತ್ರಕಾರ ಎಸ್. ಎಂ. ಪಂಡಿತರು. ಇವರು 1916ರಲ್ಲಿ, ಆಗ ನಿಜಾಮರ ಆಡಳಿತಕ್ಕೆ ಸೇರಿದ್ದ ಕಲಬುರಗಿಯಲ್ಲಿ ಜನಿಸಿದವರು. ಸೊಲ್ಲಾಪುರ, ಅಕ್ಕಲಕೋಟೆಗಳ ನಮಗೆ ನೆರೆಯವರೇ. ಮುಂದೆ ಪೌರಾಣಿಕ ಚಿತ್ರಗಳ ಕ್ಯಾಲೆಂಡರುಗಳಿಂದ ಮನೆಮನೆಗೂ ಪರಿಚಿತರಾಗಿ, 1993ರಲ್ಲಿ ತೀರಿಕೊಂಡರು. ಇಂಗ್ಲಿಷ್ ಪತ್ರಿಕೆಯೊಂದರ ಮುಖವನ್ನು ಕನ್ನಡನಾಡಿನ ಕುಂಚವು ತಿದ್ದಿತೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿಯತಕ್ಕ ಸಂಗತಿ.

ಪಂಡಿತರು ನೀರಿನಲ್ಲಿ ಕಲಸುವ ದಟ್ಟ ಬಣ್ಣಗಳಲ್ಲಿ ಪರಿಣತರು. ಈ ಬಣ್ಣವು ಕಾಗದವನ್ನು ಪೂರ್ತಿ ಮುಚ್ಚುತ್ತದೆ. ಬೆಳಕಿನ ಭಾಗವನ್ನು ಮೇಲಿನಿಂದ ಹಚ್ಚಿ ಹೊಳೆಯಿಸಬಹುದು. ಅಂದಿನ ಮುದ್ರಣಾಲಯಗಳು ನೀಲಿ, ಕೆಂಪು, ಹಳದಿ, ಕಪ್ಪುಗಳ ಅಚ್ಚುಗಳಿಂದಲೇ ಸಮಸ್ತ ವರ್ಣಗಳನ್ನೂ ಹುಟ್ಟಿಸಬೇಕಾಗಿತ್ತು. ಸೂಕ್ಷ್ಮವಾದ ಛಾಯೆಗಳು ಅಚ್ಚಿನಲ್ಲಿ ಮಾಸಿಹೋಗುವ ಭಯವಿದ್ದಲ್ಲಿ, ಕೆನ್ನೆಯ ಕೆಂಪನ್ನೂ ಕೂದಲಿನ ಕಪ್ಪನ್ನೂ ನಿಜಕ್ಕಿಂತ ಒಂದು ತೂಕ ಹೆಚ್ಚಾಗಿಯೇ ಬಳಿಯುವುದು ಜಾಣತನ. ಇಂಥ ಚಿತ್ರಗಳನ್ನು ಅತಿರಂಜಿತವೆಂದು ಹಳಿಯುವವರು ಮುದ್ರಣದ ಈ ನಿರ್ಬಂಧವನ್ನು ಮರೆಯಬಾರದು. ಇನ್ನೊಂದು ಮಾತು. ಹಲವು ಮುಖಪುಟಗಳಲ್ಲಿ ತಾರೆಯ ಹೆಸರಿನೊಡನೆ ಆಕೆ ಅಭಿನಯಿಸಿದ ಚಿತ್ರದ ಹೆಸರೂ ಅಚ್ಚಾಗುತ್ತಿತ್ತು. ಹೀಗೆ ಒಂದೇ ಹಾಳೆಯು ಪತ್ರಿಕೆಗೆ ಮುಖವೂ ಚಿತ್ರಕ್ಕೆ ಜಾಹೀರಾತೂ ಆಗುತ್ತಿತ್ತು. ಒಳಗೋ, ಪಟೇಲರ ನಾಲಗೆಯು ಅದೇ ಚಿತ್ರೋದ್ಯಮವನ್ನು ನಿರ್ದಾಕ್ಷಿಣ್ಯವಾಗಿ ಝಾಡಿಸುತ್ತಿತ್ತು! ಹೊರಗೆ ಮಧು, ಒಳಗೆ ಮೆಣಸು. ಈ ವಿರೋಧವು ಪತ್ರಿಕೆಗೆ ಹಾನಿ ಮಾಡಲಿಲ್ಲ. ಮಧುವು ಹೊಸಬನನ್ನು ಕರೆಯಿತು, ಮೆಣಸು ಹಳಬನನ್ನು ಹಿಡಿದಿಟ್ಟಿತು.

ಎರಡನೆಯದು 'ಫಿಲ್ಮ್‌ಫೇರ್'. ಟೈಮ್ಸ್ ಆಫ್ ಇಂಡಿಯಾ ಬಳಗದ ಈ ಪತ್ರಿಕೆಯ ಮೊದಲ ಸಂಚಿಕೆಯು 1952ರ ಮಾರ್ಚ್ 7ರಂದು ಹೊರಬಿದ್ದಿತು. ಮುಖಪುಟದಲ್ಲಿದ್ದವರು ನಟಿ ಕಾಮಿನಿ ಕೌಶಲ್. ಮುಂದಿನ ವರ್ಷಗಳಲ್ಲಿ ಕುಂಚದ ಸ್ಥಾನವನ್ನು ವರ್ಣ ಛಾಯಾಚಿತ್ರವು ಕ್ರಮೇಣ ಪಡೆಯಿತು. ಕುಂಚದ ಚಿತ್ರವನ್ನು ಕಂಡವನು 'ಎಷ್ಟು ಚೆನ್ನಾಗಿ ಬರೆದಿದ್ದಾರೆ' ಎನ್ನುತ್ತಾನೆ. ಛಾಯಾಚಿತ್ರವನ್ನು ಕಂಡವನು 'ಎಷ್ಟು ಚೆನ್ನಾಗಿದ್ದಾಳೆ' ಎನ್ನುತ್ತಾನೆ. ಮೊದಲನೆಯ ಮಾತಿನಲ್ಲಿ ಕಲಾವಿದನ ನೆನಪಿದೆ. ಎರಡನೆಯದರಲ್ಲಿ ಅವನು ಮರೆಯಾಗಿದ್ದಾನೆ. ದೀಪದ ಸ್ಥಾನ, ಕತ್ತಿನ ವಾಲು, ಹಿನ್ನೆಲೆಯ ಬಣ್ಣ, ಬಳಿಕ ನಡೆಯುವ ತಿದ್ದುಪಡಿ ಇವೆಲ್ಲವೂ ಇಲ್ಲಿಯೂ ಮನುಷ್ಯನ ಆಯ್ಕೆಯೇ. ಆದರೆ ಆ ಆಯ್ಕೆ ಕಣ್ಣಿಗೆ ಬೀಳದು. ನೋಡುವವನು ಅದನ್ನು ಸಾಕ್ಷ್ಯವೆಂದೇ ನಂಬುತ್ತಾನೆ.

ಈ ನಂಬಿಕೆಯ ಮೇಲೆ ಕಟ್ಟಿದ ಮಾಳಿಗೆಯೇ ಮೂರನೆಯ ಪತ್ರಿಕೆಯಾದ 'ಸ್ಟಾರ್‌ಡಸ್ಟ್'. 1971ರ ಅಕ್ಟೋಬರಿನ ಮೊದಲ ಸಂಚಿಕೆಯ ಮುಖಪುಟದಲ್ಲಿ ರಾಜೇಶ್ ಖನ್ನಾ ಅವರ ಚಿತ್ರವಿತ್ತು. ಜೊತೆಯಲ್ಲಿ, ಅವರು ಗುಟ್ಟಾಗಿ ಮದುವೆಯಾಗಿದ್ದಾರೆಯೇ ಎಂಬ ಪ್ರಶ್ನೆಯಿತ್ತು. ಇಲ್ಲಿ ನಿಲ್ಲಿಸುವ ಕೆಲಸ ಮಾತ್ರ ಮುಖದ್ದು. ಕೊಳ್ಳಿಸುವ ಕೆಲಸ ಅಕ್ಷರದ್ದು. ವ್ಯಾಕರಣದ ದೃಷ್ಟಿಯಿಂದ ನೋಡಿರಿ: ನಿಶ್ಚಯಾರ್ಥಕ ವಾಕ್ಯವನ್ನು ಬರೆದವನು ಆಧಾರ ಕೊಡಬೇಕು, ಪ್ರಶ್ನಾರ್ಥಕ ವಾಕ್ಯಕ್ಕೆ ಆ ಹೊಣೆಯಿಲ್ಲ. ತರಗತಿಯ ಪ್ರಶ್ನೆಯು ಉತ್ತರವನ್ನು ಬಯಸುತ್ತದೆ. ಮುಖಪುಟದ ಪ್ರಶ್ನೆಯು ಹಣವನ್ನು ಬಯಸುತ್ತದೆ. ಆ ನಟರು ಡಿಂಪಲ್ ಕಪಾಡಿಯಾ ಅವರನ್ನು ವಿವಾಹವಾದದ್ದು 1973ರ ಮಾರ್ಚ್ ತಿಂಗಳಲ್ಲಿ. ಅದಕ್ಕೆ ಒಂದೂವರೆ ವರ್ಷ ಮೊದಲೇ ಆ ಪ್ರಶ್ನಾರ್ಥಕ ಚಿಹ್ನೆಯು ತನ್ನ ಕೆಲಸವನ್ನು ಮುಗಿಸಿತ್ತು. ಕೌಶಲದಲ್ಲಿ ಇದು ಹಿಂದಿನವುಗಳಿಗೆ ಕಡಮೆಯಲ್ಲವೆಂದು ಒಪ್ಪಲೇಬೇಕು. ಆದರೆ ಪಂಡಿತರಂಥವರ ಚಿತ್ರವನ್ನು ಪತ್ರಿಕೆ ಹಳತಾದ ಮೇಲೂ ಕತ್ತರಿಸಿ ಗೋಡೆಗೆ ಅಂಟಿಸಬಹುದು. ಉತ್ತರ ತಿಳಿದ ಪ್ರಶ್ನೆಯನ್ನು ಯಾರು ಅಂಟಿಸಿಯಾರು?

ಕನ್ನಡದ ಮುಖಪುಟಗಳಿಗೆ ಬರೋಣ. ಇಲ್ಲಿ ಅಕ್ಷರ ವಿನ್ಯಾಸದ ತೊಡಕೊಂದಿದೆ. ನಮ್ಮ ಮಕ್ಕಳು ದಿನವೂ ಕಾಣುವ ದೇವನಾಗರಿಯಲ್ಲಿ ಶಿರೋರೇಖೆಯು ಅಕ್ಷರಗಳನ್ನು ಒಂದು ಪಟ್ಟಿಯಂತೆ ಬಿಗಿಯುತ್ತದೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳಿಂದಲೇ ಗಟ್ಟಿಯಾಗಿ ಕೂಗಬಹುದು. ಕನ್ನಡದ ದುಂಡು ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಒತ್ತಕ್ಷರ ಬಂದರೆ ಕೆಳಗೆ ಸ್ಥಳವನ್ನು ಬೇಡುತ್ತವೆ. 'ರೂಪತಾರಾ' ಎಂಬ ಹೆಸರಿನಲ್ಲಿ ಒತ್ತಿಲ್ಲ, ಕೆಳಗಿನ ಗೆರೆ ಸಮನಾಗಿ ಉಳಿಯುತ್ತದೆ; 'ವಿಜಯಚಿತ್ರ' ಎಂಬಲ್ಲಿ ಕೊನೆಯ ಒತ್ತು ಚಿತ್ರದೊಳಕ್ಕೆ ಇಳಿಯುತ್ತದೆ. ಅದನ್ನು ಕಂಟಕವೆಂದು ಕುಗ್ಗಿಸುವವನು ಗುಮಾಸ್ತ. ಅದೇ ಬಳಕನ್ನು ತಾರೆಯ ಮುಂಗುರುಳಿಗೋ ಸೆರಗಿಗೋ ಹೊಂದಿಸುವವನು ಕಲಾವಿದ. ಕನ್ನಡದ ಮುಖಪುಟವು ಕನ್ನಡದ್ದೆನಿಸಬೇಕಾದುದು ಈ ಬಗೆಯಲ್ಲಿ. ಮುಂಬಯಿಯ ಅಚ್ಚಿನಲ್ಲಿ ಕನ್ನಡದ ಹೆಸರನ್ನು ಕೂರಿಸಿದ ಮಾತ್ರಕ್ಕೆ ಅಲ್ಲ.

ಇಂದು ಮುಖಪುಟದ ಕೆಲಸವನ್ನು ಬಹುಮಟ್ಟಿಗೆ ಮೊಬೈಲಿನ ಪುಟ್ಟ ಚಿತ್ರಗಳು ವಹಿಸಿಕೊಂಡಿವೆ. ಅದೇ ದೊಡ್ಡ ಮುಖ, ಅದೇ ನೆಟ್ಟ ನೋಟ, ಅದೇ ಪ್ರಶ್ನಾರ್ಥಕ ಚಿಹ್ನೆ. ಬೆಲೆ ಕೊಡಬೇಕಾಗಿಲ್ಲವಾದುದರಿಂದ ಹುಡುಗನು ಯೋಚಿಸುವ ಆ ಒಂದು ಕ್ಷಣವೂ ಉಳಿದಿಲ್ಲ. ಇಂಥ ಚಿತ್ರಗಳನ್ನು ನಿಷೇಧಿಸಿ ಫಲವಿಲ್ಲ. ಹಳೆಯ ಮುಖಪುಟವೊಂದನ್ನು ತರಗತಿಗೆ ತಂದು, ಮೂರು ಪ್ರಶ್ನೆಗಳನ್ನು ಮಕ್ಕಳಿಂದಲೇ ಕೇಳಿಸಬೇಕು: ಇದು ನನ್ನನ್ನು ಯಾವುದರಿಂದ ನಿಲ್ಲಿಸಿತು? ಏನನ್ನು ಕೊಡುವೆನೆಂದಿತು? ಒಳಗೆ ಅದನ್ನು ಕೊಟ್ಟಿತೆ? ಪದ್ಯದ ಅಲಂಕಾರವನ್ನು ಬಿಡಿಸಿ ತೋರಿಸುವ ಅಧ್ಯಾಪಕನಿಗೆ ಈ ಅಲಂಕಾರವನ್ನು ಬಿಡಿಸುವುದು ಕಷ್ಟವಲ್ಲ. ಅಲಂಕಾರವನ್ನು ಅರಿತವನು ಅದನ್ನು ಸವಿಯಲೂ ಬಲ್ಲ, ಅದರಿಂದ ಮೋಸಹೋಗದಿರಲೂ ಬಲ್ಲ.